ಬಾಯಾರಿಕೆಯ ಮೇಲೆ ಹೂಡಿದ ಯುದ್ಧ

ನೀರು ಬೇಕೆನಿಸುವ ಸ್ಥಿತಿಗೆ ಕನ್ನಡದಲ್ಲಿ ಎರಡು ಮಾತುಗಳು ಹೆಚ್ಚು ಬಳಕೆಯಲ್ಲಿವೆ. ಒಂದು ಬಾಯಾರಿಕೆ, ಇನ್ನೊಂದು ದಾಹ. ಮೊದಲನೆಯದು ಅಚ್ಚಗನ್ನಡದ ಮಾತು. ಬಾಯಿ ಆರಿತು, ಎಂದರೆ ಒಣಗಿತು ಎಂಬಷ್ಟೇ ಅದರ ಅರ್ಥ. ಎರಡನೆಯದು ಸಂಸ್ಕೃತದಿಂದ ಬಂದದ್ದು; ಸುಡುವುದು ಎಂಬುದು ಅದರ ಧಾತ್ವರ್ಥ. ಹೊರಗೆ ತೋರುವ ಲಕ್ಷಣವನ್ನು ಒಂದು ಹೇಳಿದರೆ, ಒಳಗೆ ನಡೆಯುವ ವ್ಯಾಪಾರವನ್ನು ಇನ್ನೊಂದು ಹೇಳುತ್ತದೆ. ಈ ಎರಡು ಮಾತುಗಳ ನಡುವಣ ಸಂಬಂಧವನ್ನು ಶಾಸ್ತ್ರೀಯವಾಗಿ ತಿಳಿದುಕೊಳ್ಳುವುದಕ್ಕೆ ಮನುಷ್ಯನಿಗೆ ಬಹುಕಾಲ ಹಿಡಿಯಿತು. ತಿಳಿದ ಮೇಲೂ ಅದನ್ನು ನಂಬುವುದಕ್ಕೆ ಇನ್ನಷ್ಟು ಕಾಲ ಹಿಡಿಯಿತು. ಆ ವಿಳಂಬದ ಕಥೆಯನ್ನು ಬೈಸಿಕಲ್ ಪಂದ್ಯದ ಚರಿತ್ರೆಯಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಡೆ ಕಾಣುವುದು ಕಷ್ಟ. ಬೇಸಗೆಯ ಬಿಸಿಲಿನಲ್ಲಿ ದಿನಕ್ಕೆ ಇನ್ನೂರು ಕಿಲೋಮೀಟರು ತುಳಿಯುವವನಿಗೆ ಎಷ್ಟು ನೀರು ಕೊಡಬೇಕು, ಯಾರು ಕೊಡಬೇಕು, ಎಲ್ಲಿ ಕೊಡಬೇಕು ಎಂಬುದನ್ನು ಅಲ್ಲಿ ನಿಯಮ ಮಾಡಿ ಗೊತ್ತುಪಡಿಸಿದ್ದರು.

ಟೂರ್ ಡಿ ಫ್ರಾನ್ಸ್ ಎಂಬ ಹೆಸರು ಇಂದು ನಮ್ಮವರಿಗೂ ಅಪರಿಚಿತವಲ್ಲ. 1903ರ ಜುಲೈ ತಿಂಗಳಲ್ಲಿ ಲೋತೋ ಎಂಬ ಕ್ರೀಡಾ ಪತ್ರಿಕೆ ತನ್ನ ಮಾರಾಟವನ್ನು ಹೆಚ್ಚಿಸಿಕೊಳ್ಳುವುದಕ್ಕಾಗಿ ಆರಂಭಿಸಿದ ಪಂದ್ಯ ಇದು. ಪತ್ರಿಕೆಯ ಸಂಪಾದಕ ಆನ್ರಿ ದೆಗ್ರಾಂಜ್. ಮೊದಲ ವರ್ಷ ಆರು ಹಂತಗಳಲ್ಲಿ 2,400 ಕಿಲೋಮೀಟರಿಗೂ ಹೆಚ್ಚು ದಾರಿ. ಪ್ಯಾರಿಸ್ಸಿನಿಂದ ಲಿಯೋನ್‌ವರೆಗಿನ ಮೊದಲ ಹಂತವೊಂದೇ 467 ಕಿಲೋಮೀಟರು. ಹಗಲೂ ರಾತ್ರಿಯೂ ತುಳಿಯಬೇಕಾಗಿತ್ತು. ಹೊರಟವರು 60 ಮಂದಿ, ಮುಗಿಸಿದವರು 21 ಮಂದಿ. ಗೆದ್ದ ಮಾರಿಸ್ ಗಾರಿನ್ ಹಿಂದೆ ಹೊಗೆಗೂಡು ಶುಚಿಮಾಡುವ ಕೆಲಸ ಮಾಡಿದ್ದವನು.

ದೆಗ್ರಾಂಜನಿಗೆ ಈ ಪಂದ್ಯ ಬರಿಯ ಆಟವಾಗಿರಲಿಲ್ಲ. ಅದು ಒಂದು ಬಗೆಯ ತಪಸ್ಸಾಗಿತ್ತು. ಸವಾರನು ತನ್ನನ್ನು ತಾನೇ ನೋಡಿಕೊಳ್ಳಬೇಕು, ಯಾರ ನೆರವನ್ನೂ ಪಡೆಯಕೂಡದು ಎಂಬುದು ಅವನ ಸಿದ್ಧಾಂತ. 1913ರಲ್ಲಿ ಯೂಜೀನ್ ಕ್ರಿಸ್ತೋಫ್ ಎಂಬ ಸವಾರನ ಬೈಸಿಕಲ್ಲಿನ ಮುಂಗವಲು ಪಿರಿನೀಸ್ ಪರ್ವತದಲ್ಲಿ ಮುರಿಯಿತು. ಅವನು ಅದನ್ನು ಹೊತ್ತು ನಡೆದು ಒಂದು ಹಳ್ಳಿಯ ಕಮ್ಮಾರಸಾಲೆಯನ್ನು ಸೇರಿ, ಕೈಯಾರೆ ಬೆಸೆದುಕೊಂಡ. ಆದರೂ ಅವನಿಗೆ ದಂಡ ಬಿತ್ತು. ಏಕೆಂದರೆ ತಿದಿಯನ್ನು ಒತ್ತುವುದಕ್ಕೆ ಒಬ್ಬ ಹುಡುಗ ನೆರವಾಗಿದ್ದ! 1911ರಲ್ಲಿ ಮಾರಿಸ್ ಬ್ರೊಕ್ಕೊ ಎಂಬಾತ ತಾನು ಗೆಲ್ಲುವ ಆಸೆ ಬಿಟ್ಟು ಇನ್ನೊಬ್ಬ ಸವಾರನಿಗೆ ನೆರವಾಗಿ ತುಳಿದಾಗ, ದೆಗ್ರಾಂಜ್ ಅವನನ್ನು ‘ದೊಮೆಸ್ತಿಕ್’ ಎಂದು ಹಳಿದ. ಮನೆಯಾಳು ಎಂದು ಆ ಮಾತಿನ ಅರ್ಥ. ಬೈಗುಳವಾಗಿ ಹುಟ್ಟಿದ ಈ ಪದ ಮುಂದೆ ಒಂದು ವೃತ್ತಿಯ ಹೆಸರೇ ಆಯಿತು. ತಂಡದ ನಾಯಕನಿಗಾಗಿ ಗಾಳಿಯನ್ನು ತಡೆಯುವವನು, ಹಿಂದೆ ಹೋಗಿ ಅವನಿಗೆ ನೀರು ತಂದುಕೊಡುವವನು ದೊಮೆಸ್ತಿಕ್. ಫ್ರೆಂಚರು ಅವನನ್ನು ನೀರು ಹೊರುವವನು ಎಂದೂ ಕರೆಯುತ್ತಾರೆ.

ನೀರು ಹೊರುವವನ ಪಾಡು ಸುಖದ್ದಾಗಿರಲಿಲ್ಲ. 1960ರ ದಶಕದಲ್ಲಿಯೂ ಒಬ್ಬ ಸವಾರನಿಗೆ ಒಂದು ದಿನಕ್ಕೆ ಸಲ್ಲುತ್ತಿದ್ದುದು ನಾಲ್ಕು ಸೀಸೆ ನೀರು. ಹೊರಡುವಾಗ ಎರಡು, ನಡುವೆ ಆಹಾರ ಕೊಡುವ ಸ್ಥಳದಲ್ಲಿ ಎರಡು. ಒಟ್ಟು ಸುಮಾರು ಎರಡು ಲೀಟರು. ಅದು ತೀರಿದ ಮೇಲೆ ಗತಿ ಏನು? ದಾರಿಯ ಪಕ್ಕದ ಚಿಲುಮೆ, ಇಲ್ಲವೆ ಹಳ್ಳಿಯ ಹೋಟೆಲು. ಸೆಖೆಯ ದಿನಗಳಲ್ಲಿ ದೊಮೆಸ್ತಿಕ್‌ಗಳು ಬೈಸಿಕಲ್ಲುಗಳನ್ನು ಗೋಡೆಗೆ ಒರಗಿಸಿ ಹೋಟೆಲಿಗೆ ನುಗ್ಗಿ, ಕೈಗೆ ಸಿಕ್ಕ ಸೀಸೆಗಳನ್ನು ಜೇಬುಗಳಲ್ಲಿ ತುಂಬಿಕೊಂಡು ಓಡುತ್ತಿದ್ದರು. ನೀರು, ಬಿಯರು, ದ್ರಾಕ್ಷಾರಸ ಎಂಬ ಭೇದವಿರಲಿಲ್ಲ. ಹಣ ಕೊಡುವ ಪ್ರಶ್ನೆಯೂ ಇರಲಿಲ್ಲ. ಚಲನಚಿತ್ರ ನಿರ್ದೇಶಕ ಲೂಯಿ ಮಾಲ್ 1962ರ ಪಂದ್ಯವನ್ನು ಕುರಿತು ಮಾಡಿದ ಕಿರುಚಿತ್ರದಲ್ಲಿ ಈ ಲೂಟಿಯ ದೃಶ್ಯ ಉಳಿದುಕೊಂಡಿದೆ. ನೋಡುವವರಿಗೆ ನಗು ಬರುತ್ತದೆ. ಆದರೆ ವಿಚಾರ ಮಾಡಿದರೆ, ದೇಶವೇ ಕೊಂಡಾಡುತ್ತಿದ್ದ ಕ್ರೀಡಾಪಟುಗಳು ಒಂದು ಗುಟುಕು ನೀರಿಗಾಗಿ ಕಳ್ಳರಂತೆ ನುಗ್ಗಬೇಕಾಗಿದ್ದುದು ನಗುವ ವಿಷಯವೆ?

ಅದೇ ಕಾಲದ ಇನ್ನೊಂದು ಚಿತ್ರವನ್ನು ಇಲ್ಲಿ ನೆನೆಯಬೇಕು. 1952ರ ಪಂದ್ಯದಲ್ಲಿ ಇಟಲಿಯ ಇಬ್ಬರು ಮಹಾನ್ ಪ್ರತಿಸ್ಪರ್ಧಿಗಳಾದ ಫೌಸ್ತೊ ಕೊಪ್ಪಿ ಮತ್ತು ಜೀನೊ ಬಾರ್ತಾಲಿ ಪರ್ವತದ ಏರಿನಲ್ಲಿ ಒಂದು ಸೀಸೆಯನ್ನು ಕೈಯಿಂದ ಕೈಗೆ ದಾಟಿಸುತ್ತಿರುವ ಛಾಯಾಚಿತ್ರ ಅದು. ಕೊಟ್ಟವರು ಯಾರು, ಪಡೆದವರು ಯಾರು ಎಂಬ ವಾದ ಇಟಲಿಯಲ್ಲಿ ದಶಕಗಟ್ಟಲೆ ನಡೆಯಿತು. ಕೊಟ್ಟವನದು ಔದಾರ್ಯ, ಪಡೆದವನದು ದೌರ್ಬಲ್ಯ ಎಂಬ ಭಾವನೆ ಇದ್ದುದರಿಂದಲೇ ಅಲ್ಲವೆ ಆ ವಾದಕ್ಕೆ ಅಷ್ಟು ಬೆಲೆ ಬಂದದ್ದು? ಬಾಯಾರುವುದು ಒಂದು ಅವಮಾನ ಎಂಬ ತಿಳಿವಳಿಕೆ ಆ ಕಾಲದಲ್ಲಿ ಎಷ್ಟು ಆಳವಾಗಿ ಬೇರೂರಿತ್ತು ಎಂಬುದನ್ನು ಈ ಒಂದು ಚಿತ್ರದಿಂದ ಊಹಿಸಬಹುದು. ಕುಡಿದಷ್ಟೂ ಬೆವರು ಹೆಚ್ಚುತ್ತದೆ, ಬೆವರಿದಷ್ಟೂ ಶಕ್ತಿ ಸೋರುತ್ತದೆ, ಹೊಟ್ಟೆ ಭಾರವಾಗುತ್ತದೆ, ಆದ್ದರಿಂದ ನಿಜವಾದ ಪಟು ತಡೆದುಕೊಳ್ಳಬೇಕು ಎಂದು ಅನುಭವಸ್ಥರು ಕಿರಿಯರಿಗೆ ಉಪದೇಶಿಸುತ್ತಿದ್ದರು.

ಈ ಉಪದೇಶದಲ್ಲಿ ತಪ್ಪಿದ್ದುದು ಎಲ್ಲಿ? ಬೈಸಿಕಲ್ ತುಳಿಯುವ ದೇಹ ಒಂದು ಯಂತ್ರವೆಂದು ಭಾವಿಸೋಣ. ಅದು ಉರಿಸುವ ಆಹಾರದ ಶಕ್ತಿಯಲ್ಲಿ ಚಕ್ರಕ್ಕೆ ಮುಟ್ಟುವುದು ಕಾಲು ಭಾಗಕ್ಕಿಂತ ಹೆಚ್ಚಲ್ಲ. ಉಳಿದ ಮುಕ್ಕಾಲು ಭಾಗ ಬಿಸಿಯಾಗಿ ಮೈಯಲ್ಲಿ ಸೇರುತ್ತದೆ. ದಾಹ ಎಂಬ ಮಾತಿನ ಧಾತ್ವರ್ಥ ಇಲ್ಲಿ ಅಕ್ಷರಶಃ ಸತ್ಯ. ಸುತ್ತಲಿನ ಗಾಳಿಯೇ ಮೈಯಷ್ಟು ಬಿಸಿಯಾಗಿರುವ ದಿನ ಈ ಬಿಸಿ ಹೊರಹೋಗಲು ಉಳಿಯುವ ಮುಖ್ಯ ದಾರಿ ಒಂದೇ, ಬೆವರು ಆರುವುದು. ಒಂದು ಲೀಟರು ಬೆವರು ಚರ್ಮದ ಮೇಲೆ ಪೂರ್ತಿಯಾಗಿ ಆರಿದರೆ ಸುಮಾರು 580 ಕಿಲೋಕ್ಯಾಲರಿಯಷ್ಟು ಬಿಸಿಯನ್ನು ಒಯ್ಯುತ್ತದೆ. ಸಮತಟ್ಟಾದ ದಾರಿಯಲ್ಲಿ ವೇಗದಿಂದ ಸಾಗುವ ಸವಾರನಿಗೆ ಎದುರುಗಾಳಿಯೇ ಬೀಸಣಿಗೆ. ಆದರೆ ಏರುದಾರಿಯಲ್ಲಿ ವೇಗ ಕುಗ್ಗುತ್ತದೆ, ಗಾಳಿ ನಿಲ್ಲುತ್ತದೆ, ದುಡಿಮೆ ಮಾತ್ರ ಹೆಚ್ಚುತ್ತದೆ. ಆಗ ಬೆವರು ಆರುವ ಬದಲು ತೊಟ್ಟಿಕ್ಕತೊಡಗುತ್ತದೆ. ತೊಟ್ಟಿಕ್ಕಿದ ಬೆವರಿನಿಂದ ಮೈ ತಂಪಾಗುವುದಿಲ್ಲ, ನೀರು ಮಾತ್ರ ನಷ್ಟ. ಇಂಥ ದುಡಿಮೆಯಲ್ಲಿ ಗಂಟೆಗೆ ಒಂದು ಲೀಟರು, ಕೆಲವರಿಗೆ ಅದಕ್ಕಿಂತ ಹೆಚ್ಚು ಬೆವರು ಹೋಗುತ್ತದೆ. ಆರು ಗಂಟೆಯ ಪ್ರಯಾಣಕ್ಕೆ ಆರು ಲೀಟರು ಎಂದಿಟ್ಟುಕೊಂಡರೂ, ನಿಯಮ ಕೊಡುತ್ತಿದ್ದ ಎರಡು ಲೀಟರು ಅದರ ಮೂರನೆಯ ಒಂದು ಪಾಲು. ನೀರು ತಗ್ಗಿದಂತೆ ರಕ್ತದ ಪ್ರಮಾಣ ತಗ್ಗುತ್ತದೆ. ಒಂದೇ ರಕ್ತವನ್ನು ಹೃದಯವು ದುಡಿಯುವ ಕಾಲುಗಳಿಗೂ ಬಿಸಿ ಬಿಡುವ ಚರ್ಮಕ್ಕೂ ಹಂಚಬೇಕಾಗುತ್ತದೆ. ಹಂಚಿಕೆ ಸಾಲದಾದಾಗ ಒಳಗಿನ ಉಷ್ಣ ಏರುತ್ತದೆ.

ಈ ಲೆಕ್ಕವನ್ನು ತಪ್ಪಿದವರ ಕಥೆಗಳು ಪಂದ್ಯದ ಚರಿತ್ರೆಯಲ್ಲಿ ಹಲವಿವೆ. 1950ರಲ್ಲಿ ಪೆರ್ಪಿನ್ಯಾನ್‌ನಿಂದ ನೀಮ್‌ಗೆ ಸಾಗುವ ದಿನ ಭೀಕರ ಬಿಸಿಲು. ಆಲ್ಜೀರಿಯದ ಅಬ್ದೆಲ್ ಕಾದರ್ ಜಾಫ್ ತನ್ನ ದೇಶದವನೇ ಆದ ಮಾರ್ಸೆಲ್ ಮೊಲಿನೆಸನೊಡನೆ ಎಲ್ಲರಿಗಿಂತ ಬಹಳ ಮುಂದೆ ಸಾಗಿದ್ದವನು, ತೂರಾಡಿ ಬಿದ್ದು ಒಂದು ಮರದ ನೆರಳಿನಲ್ಲಿ ಮಲಗಿಬಿಟ್ಟ. ಎಚ್ಚೆತ್ತು ಬೈಸಿಕಲ್ಲನ್ನೇರಿದವನು ಬಂದ ದಾರಿಯಲ್ಲೇ ಹಿಂದಕ್ಕೆ ಹೊರಟನೆಂದು ಹೇಳುತ್ತಾರೆ. ಜನ ಅವನಿಗೆ ದ್ರಾಕ್ಷಾರಸ ಕುಡಿಸಿದ್ದರು, ಅಮಲಿನಲ್ಲಿ ಹೀಗಾಯಿತು ಎಂದು ನಗುತ್ತಾ ಹೇಳುವ ಕಥೆ ಬಹುಕಾಲ ನಡೆಯಿತು. ಬಿಸಿಲಿನ ಝಳಕ್ಕೆ ಸಿಕ್ಕಿದವನಿಗೆ ದಿಕ್ಕು ತಪ್ಪುವುದು ಅಮಲಿಲ್ಲದೆಯೂ ಸಾಧ್ಯ ಎಂಬುದು ನಗುವವರಿಗೆ ಹೊಳೆಯಲಿಲ್ಲ.

ಹದಿನೇಳು ವರ್ಷಗಳ ತರುವಾಯ ನಡೆದುದು ನಗುವ ಕಥೆಯಲ್ಲ. 1967ರ ಜುಲೈ 13ರಂದು ಮಾರ್ಸೇಯಿಂದ ಕಾರ್ಪಾಂತ್ರಾಗೆ ಹೋಗುವ ದಾರಿಯಲ್ಲಿ ಮಾಂ ವಾಂತೂ ಎಂಬ ಪರ್ವತವನ್ನು ಹತ್ತಬೇಕಾಗಿತ್ತು. ಸುಮಾರು 1,900 ಮೀಟರು ಎತ್ತರದ ಈ ಬೆಟ್ಟದ ಮೇಲ್ಭಾಗದಲ್ಲಿ ಮರಗಿಡಗಳಿಲ್ಲ. ಬಿಳಿಯ ಸುಣ್ಣಕಲ್ಲಿನ ಬಯಲು ಬಿಸಿಲನ್ನು ಕನ್ನಡಿಯಂತೆ ಹಿಂದಕ್ಕೆ ಎಸೆಯುತ್ತದೆ. ಬ್ರಿಟನ್ನಿನ ಟಾಮ್ ಸಿಂಪ್ಸನ್, 1965ರ ವಿಶ್ವ ಚಾಂಪಿಯನ್, ಆಗ 29 ವರ್ಷದವನು. ಹಿಂದಿನ ಕೆಲವು ದಿನಗಳಿಂದ ಅವನಿಗೆ ಹೊಟ್ಟೆ ಕೆಟ್ಟಿತ್ತು. ದೇಹದ ನೀರು ಆಗಲೇ ಸೋರಿತ್ತು. ಶಿಖರಕ್ಕೆ ಎರಡು ಕಿಲೋಮೀಟರಿಗಿಂತ ಕಡಿಮೆ ದೂರವಿದ್ದಾಗ ಅವನು ಬಿದ್ದ. ಎಬ್ಬಿಸಿ ಮತ್ತೆ ಬೈಸಿಕಲ್ಲಿನ ಮೇಲೆ ಕೂರಿಸಿದರು. ಸ್ವಲ್ಪ ದೂರ ತುಳಿದು ಮತ್ತೆ ಬಿದ್ದವನು ಏಳಲಿಲ್ಲ. ಅವನ ದೇಹದಲ್ಲಿ ಆಂಫೆಟಮಿನ್ ಎಂಬ ಉತ್ತೇಜಕವೂ ಮದ್ಯವೂ ಕಂಡುಬಂದವು. ಆದ್ದರಿಂದ ಸಾವಿಗೆ ನೀರಿನ ಕೊರತೆಯೊಂದೇ ಕಾರಣವೆಂದು ಹೇಳುವುದು ನ್ಯಾಯವಲ್ಲ. ಆದರೆ ಮದ್ದಿನ ಪಾತ್ರವನ್ನು ಸರಿಯಾಗಿ ತಿಳಿಯಬೇಕು. ಸಾಕು, ನಿಲ್ಲು ಎಂದು ದೇಹ ಕೂಗುವ ಕೂಗನ್ನು ಆ ಮದ್ದು ಕೇಳಿಸದಂತೆ ಮಾಡುತ್ತದೆ. ನೀರನ್ನು ನಿಯಮ ತಡೆದಿತ್ತು, ಎಚ್ಚರವನ್ನು ಮದ್ದು ತಡೆದಿತ್ತು. ನಡುವೆ ಸಿಕ್ಕಿದ ದೇಹ ಬೆಂದುಹೋಯಿತು. ಅವನು ಬಿದ್ದ ತಾಣದ ಬಳಿ ಒಂದು ಸ್ಮಾರಕವಿದೆ. ಬೆಟ್ಟ ಹತ್ತುವ ಸವಾರರು ಅದರ ಬುಡದಲ್ಲಿ ತಮ್ಮ ಟೋಪಿಗಳನ್ನೂ ನೀರಿನ ಸೀಸೆಗಳನ್ನೂ ಇಟ್ಟು ಹೋಗುವ ವಾಡಿಕೆ ಬೆಳೆದಿದೆ.

ಇಲ್ಲಿ ನಾವು ಕೇಳಬೇಕಾದ ಪ್ರಶ್ನೆ ಒಂದಿದೆ. ಆ ಹೊತ್ತಿಗೆ ಈ ವಿಷಯಗಳು ಯಾರಿಗೂ ತಿಳಿದಿರಲಿಲ್ಲವೆ? ತಿಳಿದಿತ್ತು. 1920ರ ದಶಕದಲ್ಲಿಯೇ ಇಂಗ್ಲೆಂಡಿನ ಕಲ್ಲಿದ್ದಲ ಗಣಿಗಳಲ್ಲಿ ಬೆವರುವ ಕೆಲಸಗಾರರಿಗೆ ಬರುತ್ತಿದ್ದ ಸ್ನಾಯುಸೆಳೆತವನ್ನು ಪರಿಶೀಲಿಸಿ, ಬೆವರಿನೊಡನೆ ಉಪ್ಪೂ ಹೋಗುತ್ತದೆ, ಕುಡಿಯುವ ನೀರಿಗೆ ಉಪ್ಪು ಬೆರೆಸಬೇಕು ಎಂದು ಜೆ. ಎಸ್. ಹಾಲ್ಡೇನ್ ಮೊದಲಾದವರು ತೋರಿಸಿದ್ದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಅಡಾಲ್ಫ್ ಮತ್ತು ಸಂಗಡಿಗರು ಕ್ಯಾಲಿಫೋರ್ನಿಯದ ಮರುಭೂಮಿಯಲ್ಲಿ ಸೈನಿಕರ ಮೇಲೆ ಪ್ರಯೋಗಗಳನ್ನು ನಡೆಸಿದರು. 1947ರಲ್ಲಿ ಅವರ ಗ್ರಂಥ ಪ್ರಕಟವಾಯಿತು. ಕಡಿಮೆ ನೀರಿನಲ್ಲಿ ಬದುಕುವಂತೆ ಮನುಷ್ಯನನ್ನು ಪಳಗಿಸಲಾಗದು ಎಂಬುದು ಅದರ ಒಂದು ಮುಖ್ಯ ನಿರ್ಣಯ. ಅಭ್ಯಾಸದಿಂದ ನೋವನ್ನು ಸಹಿಸಬಹುದು, ಬೆವರನ್ನು ಕಡಿಮೆ ಮಾಡಲಾಗದು. ಬಿಸಿಲಿಗೆ ಒಗ್ಗಿದ ಮೈ ಇನ್ನೂ ಬೇಗ, ಇನ್ನೂ ಹೆಚ್ಚು ಬೆವರುತ್ತದೆ. ಆದರೂ ಸಿಂಪ್ಸನ್ ಬಿದ್ದದ್ದು ಈ ಗ್ರಂಥ ಬಂದು ಇಪ್ಪತ್ತು ವರ್ಷಗಳಾದ ಮೇಲೆ. ಜ್ಞಾನ ಮರುಭೂಮಿಯಿಂದ ಬೆಟ್ಟದ ದಾರಿಗೆ ಬರಲು ಇಷ್ಟು ಕಾಲ ಏಕೆ ಹಿಡಿಯಿತು? ಬಾಯಾರಿಕೆಯನ್ನು ಶರೀರದ ವಿಷಯವೆಂದು ತಿಳಿಯದೆ ಶೀಲದ ವಿಷಯವೆಂದು ತಿಳಿದಿದ್ದೇ ಕಾರಣವೆಂದು ನನಗೆ ತೋರುತ್ತದೆ. ಶೀಲದ ವಿಷಯದಲ್ಲಿ ಯಾರೂ ಪ್ರಯೋಗಶಾಲೆಯನ್ನು ಕೇಳಲು ಹೋಗುವುದಿಲ್ಲ.

ನೀರಿನಷ್ಟೇ ಅನ್ನದ ಕಥೆಯೂ ಕೌತುಕಕರವಾದದ್ದು. ದೂರದ ಸವಾರಿಯಲ್ಲಿ ಇದ್ದಕ್ಕಿದ್ದಂತೆ ಕಾಲುಗಳು ಬರಿದಾಗಿ, ತಲೆ ಮಂಕಾಗಿ, ನೆಲವೇ ಎಳೆದಂತಾಗುವ ಸ್ಥಿತಿಯನ್ನು ಸವಾರರು ಮೊದಲಿನಿಂದಲೂ ಬಲ್ಲರು. ಇದರ ಮೂಲ ತಿಳಿದದ್ದು ಬೈಸಿಕಲ್ಲಿನಿಂದಲೇ. 1939ರಲ್ಲಿ ಕ್ರಿಸ್ಟೆನ್ಸೆನ್ ಮತ್ತು ಹ್ಯಾನ್ಸೆನ್ ಎಂಬ ವಿಜ್ಞಾನಿಗಳು, ತುಳಿದು ತುಳಿದು ಬಳಲಿದವನಿಗೆ ಗ್ಲೂಕೋಸು ಕೊಟ್ಟರೆ ಅವನು ಮತ್ತೆ ತುಳಿಯಬಲ್ಲನೆಂದು ತೋರಿಸಿದರು. 1966ರಲ್ಲಿ ಸ್ವೀಡನ್ನಿನ ಬರ್ಗ್‌ಸ್ಟ್ರೋಮ್ ಮತ್ತು ಹುಲ್ಟ್‌ಮನ್ ಪ್ರಕಟಿಸಿದ ಪ್ರಯೋಗವಂತೂ ಬಹಳ ಸೊಗಸಾದದ್ದು. ಒಂದು ನಿಂತ ಬೈಸಿಕಲ್ಲಿನ ಎರಡು ಪಕ್ಕಗಳಲ್ಲಿ ಇಬ್ಬರೂ ಕುಳಿತು, ಒಬ್ಬೊಬ್ಬರು ಒಂದೊಂದೇ ಕಾಲಿನಿಂದ ಬಳಲುವವರೆಗೆ ತುಳಿದರು. ಆಮೇಲೆ ಸೂಜಿಯಿಂದ ಎರಡು ತೊಡೆಗಳ ಸ್ನಾಯುವಿನ ಚೂರುಗಳನ್ನೂ ತೆಗೆದು ನೋಡಿದರು. ದುಡಿದ ಕಾಲಿನಲ್ಲಿ ಗ್ಲೈಕೋಜನ್ ಎಂಬ ಪಿಷ್ಟದ ದಾಸ್ತಾನು ಬರಿದಾಗಿತ್ತು; ಸುಮ್ಮನಿದ್ದ ಕಾಲಿನಲ್ಲಿ ಹಾಗೆಯೇ ಇತ್ತು. ಮೂರು ದಿನ ಪಿಷ್ಟಾಹಾರ ಉಂಡ ಮೇಲೆ ದುಡಿದ ಕಾಲಿನ ದಾಸ್ತಾನು ದುಡಿಯದ ಕಾಲಿನದರ ಎರಡರಷ್ಟು ಬೆಳೆದಿತ್ತು. ದೇಹದಲ್ಲಿರುವ ಈ ಒಟ್ಟು ದಾಸ್ತಾನು ಕೆಲವು ನೂರು ಗ್ರಾಂ ಮಾತ್ರ; ಬಿರುಸಾಗಿ ತುಳಿದರೆ ಎರಡು ಮೂರು ಗಂಟೆಗಳಲ್ಲಿ ತೀರುತ್ತದೆ. ಆದ್ದರಿಂದಲೇ ಸವಾರರು ತುಳಿಯುತ್ತಲೇ ಉಣ್ಣುತ್ತಾರೆ. ಟೂರ್‌ನ ಸವಾರರನ್ನು ಕುರಿತು ನೆದರ್‌ಲ್ಯಾಂಡ್ಸಿನ ವಿಜ್ಞಾನಿಗಳು 1989ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅವರು ದಿನಕ್ಕೆ ಸೇವಿಸಿದ ಆಹಾರ ಸುಮಾರು 6,000 ಕಿಲೋಕ್ಯಾಲರಿ. ಅದರಲ್ಲಿ ಅರ್ಧದಷ್ಟು ಬೈಸಿಕಲ್ಲಿನ ಮೇಲೆಯೇ ಮುಗಿಯುತ್ತಿತ್ತು.

ಈ ಲೆಕ್ಕ ದೊಡ್ಡವರನ್ನೂ ಬಿಡುವುದಿಲ್ಲ. ಐದು ಬಾರಿ ಗೆದ್ದಿದ್ದ ಸ್ಪೇನಿನ ಮಿಗೆಲ್ ಇಂದುರಾಯಿನ್ 1996ರಲ್ಲಿ ಲೆಜಾರ್ಕ್‌ನ ಏರಿನಲ್ಲಿ, ಸಾಕಷ್ಟು ತಿನ್ನದೆ ಕುಡಿಯದೆ, ಕೊನೆಯ ಕೆಲವೇ ಕಿಲೋಮೀಟರುಗಳಲ್ಲಿ ಮೂರು ನಿಮಿಷಗಳಿಗೂ ಹೆಚ್ಚು ಕಾಲವನ್ನು ಕಳೆದುಕೊಂಡ. ಕಂಗೆಟ್ಟು ಒಂದು ಸೀಸೆಯನ್ನು ಪಡೆದುದಕ್ಕೆ 20 ಸೆಕೆಂಡುಗಳ ದಂಡ ಬೇರೆ. 2013ರಲ್ಲಿ ಅಲ್ಪ್ ದ್ಯುಯೆಜ್ ಏರಿನಲ್ಲಿ ಮುಂದಾಳಾಗಿದ್ದ ಕ್ರಿಸ್ ಫ್ರೂಮನಿಗೆ ಸಕ್ಕರೆಯ ಕೊರತೆಯಾದಾಗ, ಸಹಸವಾರ ರಿಚಿ ಪೋರ್ಟ್ ಹಿಂದಿನ ಕಾರಿಗೆ ಹೋಗಿ ಸಕ್ಕರೆಯ ಪಾಕದ ಪೊಟ್ಟಣ ತಂದುಕೊಟ್ಟ. ಆಹಾರ ಪಡೆಯಬಾರದ ದೂರದಲ್ಲಿ ಇದು ನಡೆದುದರಿಂದ ತಂದವನಿಗೂ ತಿಂದವನಿಗೂ ತಲಾ 20 ಸೆಕೆಂಡುಗಳ ದಂಡವಾಯಿತು. ದೆಗ್ರಾಂಜನ ಕಮ್ಮಾರಸಾಲೆಯ ನ್ಯಾಯ ನೂರು ವರ್ಷಗಳಾದ ಮೇಲೂ ಪೂರ್ತಿಯಾಗಿ ಅಳಿದಿರಲಿಲ್ಲ.

ನೀರು, ಉಪ್ಪು, ಸಕ್ಕರೆ ಈ ಮೂರರ ನಂಟನ್ನು ತಿಳಿಸಿಕೊಟ್ಟದ್ದು ಮಾತ್ರ ಕ್ರೀಡೆಯಲ್ಲ, ಕಾಲರಾ. ಕರುಳಿನಲ್ಲಿ ಗ್ಲೂಕೋಸೂ ಸೋಡಿಯಮ್ಮೂ ಜೊತೆಗೂಡಿ ಒಳಹೋಗುತ್ತವೆ, ಅವುಗಳ ಹಿಂದೆ ನೀರು ಹೋಗುತ್ತದೆ ಎಂಬ ತತ್ತ್ವವನ್ನು 1960ರಲ್ಲಿ ಪ್ರಾಗ್ ನಗರದ ವಿದ್ವತ್ಸಭೆಯಲ್ಲಿ ರಾಬರ್ಟ್ ಕ್ರೇನ್ ಮಂಡಿಸಿದರು. ಅದಕ್ಕೂ ಮುಂಚೆ, 1953ರಲ್ಲಿಯೇ, ಕಲ್ಕತ್ತೆಯ ವೈದ್ಯ ಹೇಮೇಂದ್ರನಾಥ ಚಟರ್ಜಿ ಕಾಲರಾ ರೋಗಿಗಳಿಗೆ ಉಪ್ಪು ಮತ್ತು ಗ್ಲೂಕೋಸಿನ ನೀರನ್ನು ಬಾಯಿಂದ ಕುಡಿಸಿದ ಅನುಭವವನ್ನು ಪ್ರಕಟಿಸಿದ್ದರು. 1971ರ ಬಾಂಗ್ಲಾ ಯುದ್ಧದ ಕಾಲದಲ್ಲಿ ಬನಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ರಕ್ತನಾಳಕ್ಕೆ ಕೊಡುವ ದ್ರವ ತೀರಿಹೋದಾಗ, ಡಾಕ್ಟರ್ ದಿಲೀಪ್ ಮಹಾಲನೊಬಿಸ್ ಲೀಟರಿಗೆ 22 ಗ್ರಾಂ ಗ್ಲೂಕೋಸು, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡಿಗೆ ಸೋಡಾ ಬೆರೆಸಿ ಡ್ರಮ್ಮುಗಳಲ್ಲಿ ತುಂಬಿಟ್ಟರು. ರೋಗಿಗಳ ಬಂಧುಗಳೇ ಅದನ್ನು ಕುಡಿಸಿದರು. ಶೇಕಡಾ 30ರಷ್ಟಿದ್ದ ಸಾವು ಶೇಕಡಾ 3.6ಕ್ಕೆ ಇಳಿಯಿತು. 2022ರಲ್ಲಿ ತೀರಿಕೊಂಡ ಆ ಪುಣ್ಯಾತ್ಮರಿಗೆ ಮರುವರ್ಷ ಮರಣೋತ್ತರವಾಗಿ ಪದ್ಮವಿಭೂಷಣ ಸಂದಿತು. ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯದಲ್ಲಿ 1965ರಲ್ಲಿ ರಾಬರ್ಟ್ ಕೇಡ್ ಮತ್ತು ಸಂಗಡಿಗರು ಫುಟ್‌ಬಾಲ್ ಆಟಗಾರರಿಗಾಗಿ ತಯಾರಿಸಿದ ಪಾನೀಯದಲ್ಲಿಯೂ ಇದ್ದದ್ದು ನೀರು, ಸಕ್ಕರೆ, ಉಪ್ಪುಗಳೇ. ಪ್ರಮಾಣ ಬೇರೆ, ತತ್ತ್ವ ಒಂದೇ.

ಆದರೆ ಮನುಷ್ಯನ ಬುದ್ಧಿ ಒಂದು ಅತಿಯನ್ನು ಬಿಟ್ಟರೆ ಇನ್ನೊಂದು ಅತಿಯನ್ನು ಹಿಡಿಯುತ್ತದೆ. ಕುಡಿಯಬೇಡ ಎಂದವರ ಕಾಲ ಹೋಗಿ, ಸಾಧ್ಯವಾದಷ್ಟೂ ಕುಡಿ ಎನ್ನುವವರ ಕಾಲ ಬಂದಿತು. 1985ರಲ್ಲಿ ದಕ್ಷಿಣ ಆಫ್ರಿಕದ ಟಿಮ್ ನೋಕ್ಸ್ ಮತ್ತು ಸಂಗಡಿಗರು, ದೂರದ ಓಟದಲ್ಲಿ ಮಿತಿಮೀರಿ ನೀರು ಕುಡಿದವರ ರಕ್ತದಲ್ಲಿ ಸೋಡಿಯಂ ತಗ್ಗಿ ಪ್ರಾಣಾಪಾಯ ಒದಗಿದುದನ್ನು ವರದಿ ಮಾಡಿದರು. 2002ರ ಬಾಸ್ಟನ್ ಮ್ಯಾರಥಾನಿನ 488 ಓಟಗಾರರ ರಕ್ತವನ್ನು ಪರೀಕ್ಷಿಸಿದಾಗ ಶೇಕಡಾ 13 ಮಂದಿಯಲ್ಲಿ ಸೋಡಿಯಂ ತಗ್ಗಿತ್ತೆಂದು 2005ರಲ್ಲಿ ಪ್ರಕಟವಾಯಿತು. ಅಮೃತವಾದರೂ ಮಿತಿಮೀರಿದರೆ ವಿಷ ಎಂಬ ಮಾತು ನೀರಿಗೂ ಸಲ್ಲುತ್ತದೆ.

ಈಗಿನ ತಿಳಿವಳಿಕೆ ಮಧ್ಯಮಮಾರ್ಗದ್ದು. ಬಿಸಿಲಿನಲ್ಲಿ ದೂರ ತುಳಿಯುವವನು ಮೊದಲಿನಿಂದಲೇ ಸ್ವಲ್ಪ ಸ್ವಲ್ಪವಾಗಿ ಕುಡಿಯಬೇಕು. ಕೊನೆಯಲ್ಲಿ ಮೈತೂಕ ನೂರಕ್ಕೆ ಎರಡರಷ್ಟಕ್ಕಿಂತ ಹೆಚ್ಚು ಇಳಿದಿರಬಾರದು, ಏರಿಯೂ ಇರಬಾರದು. 60 ಕಿಲೋ ತೂಗುವವನು 1.2 ಕಿಲೋವರೆಗೆ ಇಳಿದರೆ ಚಿಂತೆಯಿಲ್ಲ. ಸವಾರಿಯ ಮುಂಚೆ, ಸವಾರಿಯ ತರುವಾಯ ತೂಕ ನೋಡಿಕೊಂಡರೆ ತನ್ನ ಮೈಯ ಬೆವರಿನ ಲೆಕ್ಕ ತನಗೇ ಸಿಗುತ್ತದೆ. ಗಂಟೆಗಟ್ಟಲೆ ಬೆವರುವವನ ನೀರಿನಲ್ಲಿ ಉಪ್ಪಿರಬೇಕು. ಗಂಟೆಗೆ 60 ಗ್ರಾಂನಷ್ಟು ಸಕ್ಕರೆಯ ಅಂಶವನ್ನು ಕರುಳು ಸಲೀಸಾಗಿ ಒಯ್ಯುತ್ತದೆ. ಗ್ಲೂಕೋಸಿನೊಡನೆ ಹಣ್ಣಿನ ಸಕ್ಕರೆಯೂ ಬೆರೆತರೆ ಅದಕ್ಕೆ ಕರುಳಿನಲ್ಲಿ ಬೇರೆಯದೇ ಬಾಗಿಲು ಇರುವುದರಿಂದ, ಅಭ್ಯಾಸವಿದ್ದವರು 90 ಗ್ರಾಂವರೆಗೂ ಸೇವಿಸಬಲ್ಲರು. ಬಾಯಾರಿಕೆ ಪ್ರಾಮಾಣಿಕನಾದ ದೂತ, ಆದರೆ ತುಸು ನಿಧಾನಿ. ಎದುರಿಗೆ ನೀರಿದ್ದರೂ ದುಡಿಯುವ ಮನುಷ್ಯ ತಾನು ಕಳೆದುಕೊಂಡಷ್ಟನ್ನು ಒಮ್ಮೆಲೆ ಕುಡಿಯುವುದಿಲ್ಲ, ಊಟಕ್ಕೆ ಕುಳಿತಾಗ ಸರಿದೂಗಿಸಿಕೊಳ್ಳುತ್ತಾನೆ ಎಂಬುದನ್ನು ಅಡಾಲ್ಫರೇ ಗಮನಿಸಿದ್ದರು.

ಪಂದ್ಯದ ನಿಯಮಗಳೂ ಕಾಲಕ್ಕೆ ತಕ್ಕಂತೆ ಬಾಗಿವೆ. 2022ರ ಜುಲೈ 17ರಂದು ಕಾರ್ಕಾಸೋನ್‌ಗೆ ಸಾಗಿದ ದಿನ ಉಷ್ಣತೆ 40 ಡಿಗ್ರಿಯ ಸುತ್ತಮುತ್ತ ಇದ್ದಾಗ, ನೀರು ಆಹಾರ ಕೊಡುವ ನಿರ್ಬಂಧಗಳನ್ನು ಸಡಿಲಿಸಿದರು. ಡಾಂಬರು ಕರಗದಂತೆ ರಸ್ತೆಗೂ ನೀರು ಚಿಮುಕಿಸಿದರು. ಸವಾರನಿಗೇ ನೀರನ್ನು ಅಳೆದು ಕೊಡುತ್ತಿದ್ದ ಪಂದ್ಯದಲ್ಲಿ ರಸ್ತೆಯ ದಾಹಕ್ಕೂ ಮನ್ನಣೆ ದೊರೆತದ್ದು ಕಾಲದ ಮಹಿಮೆ.

ನಮ್ಮ ನಾಡಿಗೆ ಈ ಕಥೆ ದೂರದ್ದಲ್ಲ. ವಿಜಯಪುರ, ಬಾಗಲಕೋಟೆಗಳ ಬಿರುಬಿಸಿಲಿನ ಸೀಮೆಯಿಂದಲೇ ರಾಷ್ಟ್ರಮಟ್ಟದ ಸೈಕಲ್ ಪಟುಗಳು ಹಲವರು ಬಂದಿದ್ದಾರೆ. ಆ ಸೀಮೆಯ ಮನೆಮನೆಯಲ್ಲಿ ಉಪ್ಪು ಬೆರೆಸಿದ ಮಜ್ಜಿಗೆ ಇದೆ. ರಾಮನವಮಿಗೆ ಬೆಲ್ಲದ ಪಾನಕ ಇದೆ. ಬೆಲ್ಲದಲ್ಲಿ ಗ್ಲೂಕೋಸೂ ಹಣ್ಣಿನ ಸಕ್ಕರೆಯೂ ಕೂಡಿಯೇ ಇವೆ. ಹಾಗೆಂದು ನಮ್ಮ ಹಿರಿಯರು ಕ್ರೇನ್ ಮಹಾಶಯರ ತತ್ತ್ವವನ್ನು ಮೊದಲೇ ಬಲ್ಲರೆಂದು ಹೇಳುವುದು ಹುಸಿ ಅಭಿಮಾನವಾದೀತು. ಅವರಿಗೆ ಕರುಳಿನ ಸೂಕ್ಷ್ಮ ತಿಳಿದಿರಲಿಲ್ಲ. ಆದರೆ ಬಾಯಾರಿಕೆಯನ್ನು ಅವರು ದೌರ್ಬಲ್ಯವೆಂದು ಎಣಿಸಲಿಲ್ಲ. ದಾರಿಹೋಕರಿಗಾಗಿ ಅರವಟ್ಟಿಗೆ ಇಡುವುದನ್ನು ಪುಣ್ಯಕಾರ್ಯವೆಂದು ಬಗೆದು, ಅದಕ್ಕೆ ದತ್ತಿ ಬಿಟ್ಟು, ಶಾಸನಗಳಲ್ಲಿ ಕೆತ್ತಿಸಿದರು. ಅರವಟ್ಟಿಗೆಯಲ್ಲಿ ನೀರು ಕೊಡುವವನು, ನೀನು ಎಷ್ಟು ದೂರ ನಡೆದೆ, ಇನ್ನೂ ಸ್ವಲ್ಪ ತಡೆದುಕೊಳ್ಳಲಾರೆಯಾ ಎಂದು ಕೇಳುವುದಿಲ್ಲ. ಚಾಚಿದ ಬೊಗಸೆಯನ್ನು ನೋಡುತ್ತಾನೆ, ನೀರು ಸುರಿಯುತ್ತಾನೆ. ಮಾಂ ವಾಂತೂವಿನ ಏರಿನಲ್ಲಿ 1967ರಲ್ಲಿ ಇಲ್ಲದೆ ಹೋದದ್ದು ವಿಜ್ಞಾನವಲ್ಲ. ಈ ಸರಳವಾದ ನಂಬಿಕೆ.